ತಪ್ಪು ಕನ್ನಡದ್ದಲ್ಲ, ಫಾಂಟ್‌ದು (2/3)

‘ಲಿನಕ್ಸಲ್ಲಿ ಕನ್ನಡ ಸರಿಯಾಗಿ ಬರಲ್ಲ ಗುರು’ ಅನ್ನೋದನ್ನ ದಯವಿಟ್ಟು ನಿಲ್ಸಿ. ಬರುತ್ತೆ. ನೀವು ಸೆಟ್ಟಿಂಗ್ ತೆಗೆದು ನೋಡಿಲ್ಲ ಅಷ್ಟೇ.

ಜಿ-ಎಡಿಟ್‌ನ ಪ್ರಿಫರೆನ್ಸಸ್‌ಗೆ ಹೋಗಿ. ಫಾಂಟ್ ‘ಮಾನೋಸ್ಪೇಸ್’ ಅಂತಿರುತ್ತೆ. ಅದು ಬರೀ ಬೋರ್ಡು. ಒಳಗೆ ಕೂತಿರೋದು ಬಹಳ ಕಡೆ ಡೇಜಾವು ಸಾನ್ಸ್ ಮಾನೋ, ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಆಗ ಫಾಂಟ್‌ಕಾನ್ಫಿಗ್ ಸಿಸ್ಟಮ್‌ನಲ್ಲಿರೋ ಬೇರೆ ಫಾಂಟಿಂದ ಅಕ್ಷರ ಕಡ ತರುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಲೋಹಿತ್, ಪಕ್ಕದವರದ್ರಲ್ಲಿ ನೋಟೋ. ಅದಕ್ಕೇ ಒಂದೇ ಫೈಲು ಎರಡು ಥರ ಕಾಣೋದು. ಸಿಸ್ಟಮ್ ಫಾಂಟ್ ಅನ್ನೋ ಆಯ್ಕೆ ತೆಗೆದು ನೋಟೋ ಸಾನ್ಸ್ ಕನ್ನಡನೋ ಗುಬ್ಬಿನೋ ಹಾಕಿ (ಗುಬ್ಬಿ ನಮ್ಮವರೇ ಮಾಡಿದ ಮುಕ್ತ ಫಾಂಟ್, ಹೆಸರೇ ಮುದ್ದು). ಮುಗೀತು.

ಆದ್ರೂ ‘ನ’ ಇರಬೇಕಾದ ಕಡೆ ಪೌಂಡ್ ಗುರುತು ಕಾಣ್ತಿದ್ಯಾ? ಅದು ಹಳೇ ನುಡಿ ಫೈಲು. ಅದರೊಳಗೆ ಕನ್ನಡವೇ ಇಲ್ಲ ಕಣ್ರೋ! ಇಂಗ್ಲಿಷ್ ಕೋಡ್‌ಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ್ದು. ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿದ್ದು 1991ರಲ್ಲಿ, ನಾವ್ಯಾರೂ ಹುಟ್ಟೋಕೆ ಮುಂಚೆ. ಇವತ್ತಿಗೂ ಮ್ಯಾಗಜಿನ್ ಲೇಖನ ಆಸ್ಕಿ ನುಡಿಯಲ್ಲಿ ಯಾಕೆ? ಹುಡುಕಿದ್ರೆ ಸಿಗಲ್ಲ, ಮೊಬೈಲಲ್ಲಿ ಓದಕ್ಕಾಗಲ್ಲ. ನಿಮ್ಮಜ್ಜಿ ಬಗ್ಗೆ ಬರೆದಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಬರೀ ಕಸ.

ಯಲಹಂಕದ ಡಿಟಿಪಿ ಅಂಗಡೀಲಿ ನುಡಿನೇ ಕೇಳ್ತಾರೆ ಅಂತೀರಾ? ಕೇಳ್ಲಿ. ಅವರಿಗೆ ಕೊಡೋ ದಿನ ಕನ್ವರ್ಟರ್‌ಗೆ ಹಾಕಿ ಕೊಡಿ. ಹೊಸ ನುಡಿಯಲ್ಲೇ ಯೂನಿಕೋಡ್ ಇದೆ, ಅದನ್ನೂ ಹೇಳಿ. ನೀವು ಇಟ್ಕೊಳ್ಳೋ ಕಾಪಿ ಮಾತ್ರ ಯೂನಿಕೋಡಲ್ಲಿರಲಿ.

ಈ ಸಲದ ಫೆಸ್ಟ್ ಕರಪತ್ರಕ್ಕೆ ಆಸ್ಕಿ ಫೈಲ್ ಕಳಿಸಿದ್ರೆ ವಾಪಸ್ ಕಳಿಸ್ತೀನಿ.