ಬಣ್ಣ ಮೊದಲೋ, ಬ್ರೇಕು ಮೊದಲೋ?

ಸಂಚಿಕೆಗೊಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನಿಂದ ರಾಷ್ಟ್ರೀಯ ವರಮಾನವನ್ನೋ ಗ್ರಾಮೀಣ ಸಾಲವನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದಿರಬೇಕು. ನಿರಾಶೆಗಾಗಿ ಕ್ಷಮೆ ಬೇಡುತ್ತೇನೆ. ಕಳೆದ ಆರು ತಿಂಗಳಿಂದ ನನ್ನ ತಲೆಯಲ್ಲಿ ಕುಳಿತಿರುವುದು ನಮ್ಮ ಮನೆಯ ಹಳೆಯ ಪಿಕಪ್ ಗಾಡಿಯೊಂದೇ. ಕೈಯಲ್ಲಿರುವ ಹಣ ಕಡಿಮೆ, ಆಗಬೇಕಾದ ಕೆಲಸ ಹೆಚ್ಚು ಎಂಬಾಗ ಯಾವುದನ್ನು ಮೊದಲು ಮಾಡಿಸಬೇಕು ಎಂಬ ಪ್ರಶ್ನೆಯನ್ನು ನಮ್ಮ ಮೇಷ್ಟ್ರು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದರು. ನನಗೆ ಅದು ಅರ್ಥವಾದದ್ದು ಮಾತ್ರ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ, ಗಾಡಿಯ ಕೆಳಗೆ ಅಂಗಾತ ಮಲಗಿದ್ದಾಗ.

ಗಾಡಿ 2013ರ ಮಾದರಿಯದು. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ, ತೆಂಗಿನ ಸೀಮೆ. ನಮ್ಮ ಮತ್ತು ನೆರೆಹೊರೆಯವರ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹೊತ್ತು, ಬರುವಾಗ ಹಿಂಡಿಯನ್ನೋ ಗೊಬ್ಬರವನ್ನೋ ತರುವುದು ಅದರ ಕಸುಬು. ತಂದೆಯವರು ಅದನ್ನು ಎರಡನೆಯ ಕೈಯಿಂದ ಕೊಂಡದ್ದು. ಆಗ ಅದರ ಮೈ ಬಿಳುಪಾಗಿತ್ತು, ಹಣೆಯ ಮೇಲೆ ಕುಲದೇವರ ಹೆಸರಿತ್ತು.

2022ರ ಬೇಸಿಗೆಯಲ್ಲಿ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಆ ಗಾಡಿಯಲ್ಲಿಯೇ ಊರಿಗೆ ಮರಳುತ್ತಿದ್ದೆವು. ಹಿಂಬದಿಯಲ್ಲಿ ಹನ್ನೊಂದು ಜನ. ನಾನೂ, ನನ್ನ ತಂಗಿಯೂ, ಅಜ್ಜಿಯೂ ಅವರಲ್ಲಿ ಸೇರಿದ್ದೆವು. ಸರಕಿನ ಗಾಡಿಯಲ್ಲಿ ಜನರನ್ನು ತುಂಬಬಾರದೆಂಬುದು ನಮಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕೆರೆ ಏರಿ ದಾಟಿ ಇಳಿಜಾರಿಗೆ ಬಂದಾಗ ಬ್ರೇಕಿನ ಪೆಡಲು ಒಮ್ಮೆಗೇ ನೆಲಕ್ಕೆ ಅಂಟಿತು. ಹ್ಯಾಂಡ್ ಬ್ರೇಕಿನ ತಂತಿ ಕಿತ್ತುಹೋಗಿ ಆಗಲೇ ವರ್ಷವಾಗಿತ್ತು. "ಇರಲಿ ಬಿಡು, ಕಲ್ಲು ಕೊಟ್ಟು ನಿಲ್ಲಿಸಿದರಾಯ್ತು" ಎಂದು ಎಲ್ಲರೂ ಸುಮ್ಮನಿದ್ದೆವು. ತಂದೆಯವರು ಗೇರು ಇಳಿಸಿ ಇಳಿಸಿ, ಕೊನೆಗೆ ಮನೆ ಕಟ್ಟುವವರು ರಸ್ತೆ ಬದಿಗೆ ಸುರಿದಿದ್ದ ಮರಳಿನ ರಾಶಿಗೆ ಗಾಡಿಯನ್ನು ನುಗ್ಗಿಸಿ ನಿಲ್ಲಿಸಿದರು. ಅಜ್ಜಿಯ ಬಲ ಮುಂಗೈ ಮುರಿಯಿತು. ಉಳಿದವರಿಗೆ ತರಚು ಗಾಯ. ಮರಳು ಅಲ್ಲಿ ಇಲ್ಲದಿದ್ದರೆ ಎದುರಿಗಿದ್ದುದು ಕಲ್ಲು ಕಟ್ಟಿದ ಬಾವಿ.

ನಾನು ಈ ಲೇಖನ ಬರೆಯುತ್ತಿರುವುದು ಮುಂದಿನ ಒಂದು ಮಾತಿಗಾಗಿ. ಆ ದಿನ ಗಾಡಿಯಲ್ಲಿ ಚಾಲ್ತಿಯಲ್ಲಿದ್ದ ಯೋಗ್ಯತಾಪತ್ರವಿತ್ತು, ಅಂದರೆ ಎಲ್ಲರೂ ಎಫ್.ಸಿ. ಎನ್ನುವ ಕಾಗದ. ಅದರ ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು.

ಇದು ಹೇಗೆ ಸಾಧ್ಯವೆಂದು ಪಟ್ಟಣದ ಮಿತ್ರರು ಕೇಳಬಹುದು. ಹಳ್ಳಿಯ ಗಾಡಿಯವರು ಕೇಳಲಾರರು. 1988ರ ಮೋಟಾರು ವಾಹನ ಕಾಯಿದೆಯ 56ನೆಯ ಕಲಮಿನಂತೆ ಬಾಡಿಗೆಯ ಸರಕು ಗಾಡಿಗೆ ಯೋಗ್ಯತಾಪತ್ರವಿಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತವಲ್ಲ. ಎಂಟು ವರ್ಷ ದಾಟಿದ ಗಾಡಿಯನ್ನು ವರ್ಷಕ್ಕೊಮ್ಮೆ ತೋರಿಸಿ ಪತ್ರವನ್ನು ಹೊಸದು ಮಾಡಿಸಬೇಕು. ಕಾಯಿದೆಯಲ್ಲಿ ಕೊರತೆಯಿಲ್ಲ. ಆದರೆ ಆ ದಿನಕ್ಕೆಂದು ಗಾಡಿಯನ್ನು ಸಿದ್ಧಪಡಿಸುವ ಪದ್ಧತಿಯೊಂದು ಬೆಳೆದುಬಂದಿದೆ. ಮೈಗೆ ಬಣ್ಣ ಬಳಿಸುವುದು. ದೀಪಗಳ ಗಾಜು ಒರೆಸುವುದು. ಟೈರು ನುಣುಪಾಗಿದ್ದರೆ ಒಳ್ಳೆಯ ಟೈರುಗಳನ್ನು ಒಂದು ದಿನದ ಬಾಡಿಗೆಗೆ ತಂದು ತೊಡಿಸಿ, ಪತ್ರ ಕೈಗೆ ಬಂದ ಸಂಜೆಯೇ ಬಿಚ್ಚಿ ಹಿಂದಿರುಗಿಸುವುದು! ಹೆಣ್ಣು ತೋರಿಸುವ ದಿನ ಪಕ್ಕದ ಮನೆಯ ಸರ ತಂದು ಹಾಕುವುದು ನಮ್ಮಲ್ಲಿ ಹಳೆಯ ಸಂಗತಿ. ಆದರೆ ಸರ ಹಿಂದಿರುಗಿಸಿದ ಮೇಲೆ ಹೆಣ್ಣಿನ ಪ್ರಾಣಕ್ಕೇನೂ ಅಪಾಯವಿಲ್ಲ. ಟೈರಿನ ವಿಚಾರ ಹಾಗಲ್ಲ. ನಾವೂ ಹಿಂದಿನ ವರ್ಷ ಹೀಗೆಯೇ ಮಾಡಿದ್ದೆವೆಂದು ಒಪ್ಪಿಕೊಳ್ಳುತ್ತೇನೆ. ಬಣ್ಣ ಹೊಳೆಯುತ್ತಿತ್ತು, ಬ್ರೇಕಿನೊಳಗೆ ಯಾರೂ ಇಣುಕಿರಲಿಲ್ಲ.

ಗಾಡಿ ಮೂರು ವರ್ಷ ಕೊಟ್ಟಿಗೆಯ ಪಕ್ಕ ನಿಂತಿತು. ಅದರ ಮೇಲೆ ಹೀರೆ ಬಳ್ಳಿ ಹಬ್ಬಿತು, ಸೀಟಿನೊಳಗೆ ಇಲಿ ಸಂಸಾರ ಹೂಡಿತು. ಕೊಬ್ಬರಿ ಸಾಗಿಸಲು ಪ್ರತಿ ಸಲವೂ ಬಾಡಿಗೆ ತೆತ್ತು ಸಾಕಾದ ತಂದೆಯವರು 2025ರಲ್ಲಿ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿ, 60,000 ರೂಪಾಯಿಯನ್ನು ಎದುರಿಗಿಟ್ಟು, "ಇಷ್ಟರಲ್ಲಿ ಗಾಡಿ ರಸ್ತೆಗಿಳೀಬೇಕು ಕಣಪ್ಪ, ಇದರ ಮೇಲೆ ಒಂದು ಕಾಸೂ ಇಲ್ಲ" ಎಂದರು.

ಆಗ ಸಲಹೆಗಾರರಿಗೆ ಕೊರತೆಯಾಗಲಿಲ್ಲ. ನನ್ನ ಸಹಪಾಠಿಯೊಬ್ಬ, ಅದನ್ನು ಗುಜರಿಗೆ ಹಾಕಿ ಸಾಲದಲ್ಲಿ ಹೊಸದನ್ನು ಕೊಳ್ಳಿರೆಂದ. 2021ರಲ್ಲಿ ಸರ್ಕಾರವೇ ಹಳೆಯ ಗಾಡಿಗಳನ್ನು ಕಳಚುವ ನೀತಿಯನ್ನು ಪ್ರಕಟಿಸಿದೆಯಲ್ಲ ಎಂದು ವಾದಿಸಿದ. ಅವನ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಾಸಿಯೇ ತುಕ್ಕು ತಿಂದು, ಸುತ್ತಿಗೆಯಿಂದ ತಟ್ಟಿದರೆ ಹಪ್ಪಳದಂತೆ ಉದುರುವ ಗಾಡಿಗೆ ಹಣ ಸುರಿಯುವುದು ಮೂರ್ಖತನವೇ ಸರಿ. ಆದ್ದರಿಂದ ನಾವು ಮೊದಲು ಮಾಡಿದ ಕೆಲಸ ಚಾಸಿಯನ್ನು ಉದ್ದಕ್ಕೂ ತಟ್ಟಿ ನೋಡಿದ್ದು. ಅದಕ್ಕೆ ಖರ್ಚು ಸೊನ್ನೆ. ಕಬ್ಬಿಣ ಗಟ್ಟಿಯಾಗಿ ಸದ್ದು ಕೊಟ್ಟಿತು. ಅಂದ ಮೇಲೆ ಲೆಕ್ಕವೇ ಬೇರೆ. ನಮ್ಮ ಗಾಡಿ ಓಡುವುದು ವಾರಕ್ಕೆ ಎರಡು ದಿನ. ಸಾಲದ ಕಂತು ಮಾತ್ರ ತಿಂಗಳ ಮೂವತ್ತು ದಿನವೂ ಓಡುತ್ತದೆ. ದಿನವೂ ದುಡಿಯುವವನಿಗೆ ಹೊಸ ಗಾಡಿ ಲಾಭವಾದೀತು, ಅಪರೂಪಕ್ಕೆ ದುಡಿಸುವವನಿಗೆ ಸವಕಳಿಯೆಲ್ಲ ಆಗಿಹೋದ ಹಳೆಯದೇ ಅಗ್ಗ. ಆದರೆ ಅದು ನಿಲ್ಲಬೇಕಾದಲ್ಲಿ ನಿಲ್ಲುವಂತಿರಬೇಕು.

ತಂದೆಯವರ ಅಭಿಪ್ರಾಯ ಬಣ್ಣದ ಪರವಾಗಿತ್ತು. ಬಣ್ಣ, ಹೊಸ ಟಾರ್ಪಾಲು, ಹಣೆಯ ಮೇಲಿನ ಹೆಸರು ಎಲ್ಲ ಸೇರಿ 14,000. ಇದು ಬರಿಯ ಶೋಕಿಯಲ್ಲ. ಮಾಸಿದ ಗಾಡಿಗೆ ಬಾಡಿಗೆ ಹುಟ್ಟುವುದಿಲ್ಲ. ಊರಿನಲ್ಲಿ ಮುಖವೆತ್ತಿ ಓಡಾಡುವುದೂ ಒಂದು ಅಗತ್ಯವೇ. ಎಫ್.ಸಿ. ಮಾಡಿಸಿಕೊಡುವ ಮಧ್ಯವರ್ತಿಯೊಬ್ಬ ತಂದೆಯವರನ್ನು ಬೆಂಬಲಿಸಿದ. "ಬಣ್ಣ ಹೊಡೆಸಿ ತನ್ನಿ ಗೌಡ್ರೇ, ಟೈರು ನಾನು ಕೊಡಿಸ್ತೀನಿ, ಸಾಯಂಕಾಲ ವಾಪಸ್ ಕೊಟ್ಟರಾಯ್ತು" ಎಂದ. ಅವನ ದಾರಿಯಲ್ಲಿ ಹೋಗಿದ್ದರೆ ಅರ್ಧ ಎಮ್ಮೆಯ ಹಣ ಉಳಿಯುತ್ತಿತ್ತೆಂಬುದು ನಿಜ. ಒಳಗಿನಿಂದ ಅಜ್ಜಿ ಕೇಳಿಸಿಕೊಂಡು, ತನ್ನ ಸೊಟ್ಟ ಮುಂಗೈಯನ್ನು ಬಾಗಿಲಾಚೆ ನೀಡಿ, "ಇದಕ್ಕೂ ಒಂಚೂರು ಬಣ್ಣ ಹೊಡೆಸು" ಎಂದಳು. ವಾದ ಅಲ್ಲಿಗೆ ನಿಂತಿತು.

ಮೇಸ್ತ್ರಿ ಮನೆಗೇ ಬಂದರು. ಚಕ್ರ ಬಿಚ್ಚಿ ಡ್ರಮ್ಮು ಕಳಚಿದಾಗ ಕಾರಣ ಹೊರಬಿತ್ತು. ಯಾರೋ ಪುಣ್ಯಾತ್ಮರು ಬ್ರೇಕು ಎಣ್ಣೆ ಕಡಿಮೆಯಾದಾಗ ಇಂಜಿನ್ನಿನ ಎಣ್ಣೆಯನ್ನೇ ಸುರಿದು ತುಂಬಿಸಿದ್ದರು. ಎಣ್ಣೆಗೆಲ್ಲ ಎಣ್ಣೆಯೆಂದೇ ಹೆಸರಾದರೂ ಜಾತಿ ಬೇರೆ. ಬ್ರೇಕಿನೊಳಗಿನ ರಬ್ಬರು ಬಿಲ್ಲೆಗಳು ಇಂಜಿನ್ ಎಣ್ಣೆ ತಾಗಿದರೆ ನೆನೆಸಿದ ಕಡಲೆಯಂತೆ ಉಬ್ಬಿ, ಮೆತ್ತಗಾಗಿ, ಒತ್ತಡ ಹಿಡಿಯಲಾರದೆ ಹೋಗುತ್ತವೆ. ಸರಿಯಾದ ಬ್ರೇಕು ಎಣ್ಣೆಯೂ ಶಾಶ್ವತವಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಂತೆ ಬೇಗ ಕುದಿಯುತ್ತದೆ. ಬಹಳ ಹೊತ್ತು ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಕೊಳವೆಯೊಳಗೆ ಆವಿಯಾಗಿ, ಪೆಡಲು ಪೊಳ್ಳಾಗುತ್ತದೆ. ಹಳೆಯ ಎಣ್ಣೆಯನ್ನು ಪೂರ್ತಿ ಹೊರಹಾಕಿ, ಕೊಳವೆ ತೊಳೆದು, ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲ ರಬ್ಬರನ್ನೂ ಹೊಸದು ಹಾಕಿಸಿದೆವು. ಲೈನರು, ಹೊಸ ಎಣ್ಣೆ, ಹ್ಯಾಂಡ್ ಬ್ರೇಕಿನ ತಂತಿ, ಕೂಲಿ ಎಲ್ಲ ಸೇರಿ 8,000. ಇದು ಬಣ್ಣಕ್ಕೆ ಕೇಳಿದ ಹಣಕ್ಕಿಂತ ಎಷ್ಟು ಕಡಿಮೆಯೆಂದು ನೋಡಿ! ಗಾಳಿ ಹೊರಹಾಕುವ ಕೆಲಸಕ್ಕೆ ಇಬ್ಬರು ಬೇಕು. ಮೇಸ್ತ್ರಿ ಕೆಳಗಿನಿಂದ "ಒತ್ತು", "ಹಿಡಿ", "ಬಿಡು" ಎಂದು ಕೂಗುತ್ತಿದ್ದರೆ ನಾನು ಮೇಲಿನಿಂದ ಪೆಡಲು ತುಳಿಯುತ್ತಿದ್ದೆ. ಒಂದು ಗಂಟೆಯ ಮೇಲೆ ಪೆಡಲು ಅರ್ಧ ದಾರಿಯಲ್ಲಿ ಕಲ್ಲಿನಂತೆ ನಿಂತಾಗ ನನಗಾದ ಸಮಾಧಾನ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಾಗಲೂ ಆಗಿರಲಿಲ್ಲ.

ಗುಜರಿಯಿಂದ ಏನನ್ನು ತರಬಹುದು, ಏನನ್ನು ತರಬಾರದು ಎಂಬುದರಲ್ಲಿ ಬಡವನ ಜಾಣತನವೆಲ್ಲ ಅಡಗಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಗಾಡಿಯ ಅಂಗಾಂಗಗಳೆಲ್ಲ ದೊರೆಯುತ್ತವೆ. ಬಾಗಿಲು, ಗಾಜು, ಸೀಟು, ದೀಪದ ಚಿಪ್ಪು ಇವುಗಳನ್ನು ಧಾರಾಳವಾಗಿ ಅಲ್ಲಿಂದ ತರಬಹುದು. ಕೆಟ್ಟರೆ ಮಳೆ ನೀರು ಒಳಗೆ ಬಂದೀತು, ಅಷ್ಟೆ. ಬ್ರೇಕಿನ ರಬ್ಬರು, ಸ್ಟೀರಿಂಗಿನ ಸಂದುಗಳು, ಮುಂದಿನ ಟೈರು ಇವು ಮಾತ್ರ ಹೊಸವೇ ಆಗಬೇಕು. ಸ್ಟೀರಿಂಗಿನ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಜಾಕು ಕೊಟ್ಟು ಚಕ್ರವನ್ನೆತ್ತಿ, ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಕಟಕಟ ಸದ್ದು ಬಂದರೆ ಸಂದು ಸವೆದಿದೆಯೆಂದು ತಿಳಿಯಬೇಕು. ನಮ್ಮದು ಗಿಲಕಿಯಂತೆ ಆಡುತ್ತಿತ್ತು.

ಟೈರು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಟೈರಿನ ಮಾತು ಕೇಳಬೇಕು. ಅದರ ಕೆನ್ನೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ; 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ಒಣಗುತ್ತಿದ್ದ ಟೈರು ಹೊಸದರಂತೆ ಕಂಡರೂ ರಬ್ಬರು ಮುಪ್ಪಾಗಿರುತ್ತದೆ. ಮುಂದಕ್ಕೆ ಎರಡು ಹೊಸವು, ಹಿಂದಕ್ಕೆ ರೀಟ್ರೆಡ್ ಮಾಡಿಸಿದ ಎರಡು ಎಂದು ನಿರ್ಧರಿಸಿದೆವು. ನಾಲ್ಕೂ ಹೊಸವಾಗಿದ್ದರೆ ಚೆನ್ನಾಗಿತ್ತು. ಎಮ್ಮೆ ಅಷ್ಟು ಬೆಲೆ ಬಾಳಲಿಲ್ಲ.

ಇಂಜಿನ್ನಿನ ಕಥೆ ಚಿಕ್ಕದು. ಜನ ಇದಕ್ಕೇ ಹೆಚ್ಚು ಹೆದರುತ್ತಾರೆ. ಡೀಸೆಲ್ ಇಂಜಿನ್ನು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಕೊಳೆತು ನೀರು ಸೇರಿದ್ದ ಹಳೆಯ ಡೀಸೆಲನ್ನು ಚೆಲ್ಲಿ, ಟ್ಯಾಂಕು ತೊಳೆದು, ಫಿಲ್ಟರು ಮತ್ತು ಎಣ್ಣೆ ಬದಲಾಯಿಸಿ, ಮೊದಲು ಕೈಯಿಂದ ತಿರುಗಿಸಿ ನೋಡಿ, ಕೊಳವೆಯ ಗಾಳಿ ತೆಗೆದು, ಹೊಸ ಬ್ಯಾಟರಿಯಿಂದ ಸೆಲ್ಫು ಹೊಡೆದಾಗ ನಾಲ್ಕನೆಯ ಸಲಕ್ಕೆ ಕೆಮ್ಮಿ ಎದ್ದಿತು. ಇಲಿಗಳು ತಿಂದಿದ್ದ ವೈರುಗಳನ್ನು ಜೋಡಿಸಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಉಳಿದದ್ದು ವಿಮೆ. ಮೂರನೆಯವರಿಗೆ ಆಗುವ ಹಾನಿಯ ವಿಮೆಯೊಂದಕ್ಕೇ ಹದಿನೇಳು ಸಾವಿರದ ಸಮೀಪ ಬಂದಾಗ ತಂದೆಯವರು ಬಣ್ಣದ ಆಸೆಯನ್ನು ಬಿಟ್ಟರು. ಇಷ್ಟು ತೆತ್ತರೂ ಅದು ಸರಕಿನ ಗಾಡಿಯ ಹಿಂಬದಿಯಲ್ಲಿ ಪುಕ್ಕಟೆ ಕುಳಿತವರನ್ನು ಕಾಯುವುದಿಲ್ಲ. ಅಂಥವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪಿತ್ತಿದೆ. ಅಂದು ಆ ಹನ್ನೊಂದು ಜನರಿಗೆ ಏನಾದರೂ ಆಗಿದ್ದರೆ ನಮ್ಮ ತೋಟ ಹೋಗುತ್ತಿತ್ತು. ಇದನ್ನು ಊರಿನಲ್ಲಿ ಹೇಳಿ ನಿಷ್ಠುರನಾಗಿದ್ದೇನೆ. ಕಳೆಗೆ ಹೋಗುವ ಹೆಂಗಸರು "ಗಾಡಿ ಖಾಲಿ ಹೋಗ್ತಾ ಇದೆಯಲ್ಲಪ್ಪ, ಹತ್ತಿಸಿಕೊಂಡರೆ ಏನು ಸವೀತದೆ?" ಎಂದು ಕೇಳುತ್ತಾರೆ. ಅವರಿಗೆ ಬೇರೆ ಬಸ್ಸಿಲ್ಲ. ಈ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ, ಆದರೂ ಹತ್ತಿಸಿಕೊಳ್ಳುವುದಿಲ್ಲ.

ಹೀಗೆ ಗಾಡಿಯನ್ನು ತಪಾಸಣೆಗೆ ಒಯ್ದೆವು. ಮೈಯೆಲ್ಲ ಬಿಳಿ, ಗುಜರಿಯಿಂದ ಬಂದ ಎಡಬಾಗಿಲು ಮಾತ್ರ ಹಸಿರು. ಸಾಲಿನಲ್ಲಿ ಮುಂದಿದ್ದ, ಹೊಸ ಬಣ್ಣದ ವಾಸನೆ ಇನ್ನೂ ಆರದ ಗಾಡಿಗಳು ನಮ್ಮದನ್ನು ನೋಡಿ ನಕ್ಕಂತೆ ತೋರಿತು. ತಪಾಸಣೆಯವರು ಬ್ರೇಕು ಒತ್ತಿಸಿದರು, ದೀಪ ಹಾಕಿಸಿದರು, ಕೊನೆಗೆ ರೇಡಿಯಂ ಪಟ್ಟಿ ಇಲ್ಲವೆಂದು ಹಿಂದಕ್ಕೆ ಕಳಿಸಿದರು. ಅದನ್ನು ನಾವು ಮರೆತೇ ಬಿಟ್ಟಿದ್ದೆವು. ಪೇಟೆಗೆ ಹೋಗಿ ಮುಂದಕ್ಕೆ ಬಿಳಿಯದು, ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ ಪಟ್ಟಿ ಅಂಟಿಸಿಕೊಂಡು ಮಾರನೆಯ ದಿನ ಹೋದೆವು, ಪತ್ರ ಸಿಕ್ಕಿತು. ಊರಿಗೆ ಬರುವಾಗ ಕತ್ತಲಾಗಿತ್ತು. ಹಿಂದಿನಿಂದ ಬಂದ ಲಾರಿಯ ಬೆಳಕಿಗೆ ಪಟ್ಟಿಗಳು ಮಿನುಗಿದುದನ್ನು ಕನ್ನಡಿಯಲ್ಲಿ ಕಂಡು ತಂದೆಯವರು, "ಅಂತೂ ಇಷ್ಟು ಬಣ್ಣವಾದರೂ ಬಿತ್ತಲ್ಲ" ಎಂದರು. ಏರಿಯ ಇಳಿಜಾರಿನಲ್ಲಿ, ಅಗತ್ಯವಿಲ್ಲದಿದ್ದರೂ, ಒಮ್ಮೆ ಬ್ರೇಕು ಒತ್ತಿ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿದರು.