ಉಪಾಧ್ಯಾಯರ ಮಗ್ಗುಲಲ್ಲಿ ನಿಲ್ಲುವವರು ಯಾರು?

ಊರಿನಿಂದ ಬಂದ ಹುಡುಗನಿಗೆ ದೋಸೆ ಹೊಯ್ಯುವ ಬಗೆಯನ್ನು ಮೂರು ದಿನ ಭಾಷಣದಿಂದ ಕಲಿಸುವ ಹೋಟೆಲ್ ಮಾಲಕರನ್ನು ನಾವು ಕಂಡಿಲ್ಲ. ಕಾದ ಕಲ್ಲಿನ ಪಕ್ಕದಲ್ಲಿ ಭಟ್ಟರು ನಿಲ್ಲುತ್ತಾರೆ. ಹಿಟ್ಟು ಹರಡುವ ಕೈಯನ್ನು ನೋಡಿ, ಒಂದು ಮಾತು ಹೇಳಿ, ಮತ್ತೆ ಹೊಯ್ಯಿಸುತ್ತಾರೆ. ಹೊಸ ಗುಮಾಸ್ತನೂ ಹಳಬರ ಮಗ್ಗುಲಲ್ಲಿ ಕುಳಿತೇ ಖಾತೆ ಬರೆಯಲು ಕಲಿತವನು. ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವ ಸರಕಾರಿ ಶಾಲೆಯ ಉಪಾಧ್ಯಾಯರಿಗಾದರೋ ಈ ಭಾಗ್ಯವು ಬಹುಮಟ್ಟಿಗೆ ಇಲ್ಲ. ಅವರಿಗೆ ದೊರೆಯುವುದು ತರಬೇತಿ ಶಿಬಿರ. ಅಲ್ಲಿಂದ ಮರಳಿದ ಮೇಲೆ ಅವರುಂಟು, ತರಗತಿಯುಂಟು.

1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಶಾಲೆಗಳ ಗುಂಪಿಗೊಂದು ಸಂಪನ್ಮೂಲ ಕೇಂದ್ರವನ್ನು ಏರ್ಪಡಿಸಿದುದು, ಅನುಭವಿಗಳು ನೆರೆಯ ಶಾಲೆಗಳಿಗೆ ಹೋಗಿ ಪಾಠ ನೋಡಿ ನೆರವಾಗಲೆಂದೇ. ಇಂದು ಕರ್ನಾಟಕದಲ್ಲಿ ಸಿ.ಆರ್.ಪಿ. ಎಂದೊಡನೆ ನೆನಪಾಗುವುದು ಅಂಕಿಅಂಶಗಳ ನಮೂನೆ, ಬಿಸಿಯೂಟದ ಲೆಕ್ಕ, ಮೇಲಿನ ಕಚೇರಿಯ ಸುತ್ತೋಲೆ. ತಪ್ಪು ಅವರದಲ್ಲ. ಕಾಗದ ಹೊರುವ ಕೆಲಸವನ್ನೇ ವಹಿಸಿದ ಮೇಲೆ ಪಾಠ ನೋಡಲು ಅವರಿಗೆ ಹೊತ್ತೆಲ್ಲಿ?

ಬೇರೆ ದಾರಿಯನ್ನು ನಮ್ಮವರೇ ತೋರಿಸಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಪಾಠಕ್ರಮವನ್ನು ಕಣ್ಣಾರೆ ಕಂಡು ಬಂದು, ತಾವೇ ಕೂಡಿ ಕುಳಿತು ಕಲಿಕೆಯ ಕಾರ್ಡುಗಳನ್ನು ಸಿದ್ಧಪಡಿಸಿದರು. 'ನಲಿ-ಕಲಿ' ಹುಟ್ಟಿದ್ದು ಹಾಗೆ. ಮುಂದೆ ಸರಕಾರಿ ಆಜ್ಞೆಯಿಂದ ಅದು ರಾಜ್ಯವನ್ನೆಲ್ಲ ವ್ಯಾಪಿಸಿದಾಗ ಕಾರ್ಡುಗಳು ಊರೂರನ್ನು ತಲುಪಿದವು. ಕೂಡಿ ಕುಳಿತುಕೊಳ್ಳುವ ರೂಢಿಯು ಅಷ್ಟೇ ದೂರ ನಡೆಯಲಿಲ್ಲವೆಂದು ನಮ್ಮ ಅಭಿಪ್ರಾಯ. ದಿಲ್ಲಿ ಸರಕಾರವು 2016ರಲ್ಲಿ ತನ್ನ ಶಾಲೆಗಳಿಂದಲೇ 200 ಮಂದಿ ಉಪಾಧ್ಯಾಯರನ್ನು ಆರಿಸಿ, ಒಬ್ಬೊಬ್ಬರಿಗೆ ಐದಾರು ಶಾಲೆಗಳ ಮಾರ್ಗದರ್ಶನವನ್ನು ಒಪ್ಪಿಸಿತ್ತು.

ಆದರೆ ತರಗತಿಗೆ ಬರುವವನು ತಪ್ಪು ಹುಡುಕಲು ಬಂದವನಾಗಬಾರದು. ಇನ್‌ಸ್ಪೆಕ್ಟರರು ಬರುವ ದಿನ ಹಿಂದಿನ ವಾರವೇ ಮುಗಿದ ಪಾಠವನ್ನು ಮತ್ತೆ ಹೇಳಿಸಿಕೊಂಡು ಜಾಣರೆನಿಸಿಕೊಂಡ ಬಾಲ್ಯ ನಮ್ಮ ಓದುಗರಲ್ಲಿ ಅನೇಕರದು! ನೋಡಿದ್ದನ್ನು ಬರೆದು ಮೇಲಕ್ಕೆ ಕಳುಹಿಸುವವನ ಮುಂದೆ ಯಾವ ಉಪಾಧ್ಯಾಯರು ತಮ್ಮ ತೊಡಕನ್ನು ಹೇಳಿಕೊಂಡಾರು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಉಪಾಧ್ಯಾಯರು ವರ್ಷಕ್ಕೆ 50 ಗಂಟೆ ಕಲಿಯಬೇಕೆನ್ನುತ್ತದೆ. ಅದರಲ್ಲಿ ಎಷ್ಟು ಗಂಟೆ ತರಗತಿಯೊಳಗೇ ಕಳೆಯುವುದೆಂಬುದನ್ನು ಸರಕಾರಗಳು ಸ್ಪಷ್ಟಪಡಿಸಲಿ.

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಕೆಲವೇ, ಒಂದಕ್ಕೊಂದು ದೂರ. ತಮ್ಮ ಭಾಷೆಯಲ್ಲೇ ಪಾಠ ಹೇಳುವ ಇನ್ನೊಬ್ಬರನ್ನು ನೋಡುವ ಸಂದರ್ಭ ಅಲ್ಲಿಯ ಉಪಾಧ್ಯಾಯರಿಗೆ ವಿರಳ. ತಿಂಗಳಿಗೊಂದು ದಿನ ಅವರು ಪರಸ್ಪರರ ತರಗತಿಯಲ್ಲಿ ಕುಳಿತು ಬರಲು ಪಾಲಿಕೆಯ ಶಿಕ್ಷಣ ವಿಭಾಗವು ಅನುಮತಿ ಕೊಡಲಿ. ಇಲ್ಲಿಯ ಕನ್ನಡ ಸಂಘಗಳು ಈ ಬೇಡಿಕೆಯನ್ನು ಬರುವ ಶಾಲಾವರ್ಷಕ್ಕೆ ಮೊದಲೇ ಲಿಖಿತವಾಗಿ ಸಲ್ಲಿಸಬೇಕೆಂದು ನಾವು ಕೋರುತ್ತೇವೆ.