ಈ ನಾಯಿ ಯಾರದು?

ನೀವು ಹೇಗೂ ಆಮ್‌ಸ್ಟರ್‌ಡ್ಯಾಮಿಗೆ ಹೊರಟಿದ್ದೀರಿ, ನಿಮ್ಮ ಟಿಕೆಟ್ಟಿನ ಜೊತೆ ಒಂದು ನಾಯಿಯನ್ನೂ ಕರೆದೊಯ್ಯುತ್ತೀರಾ? ಬೆಂಗಳೂರು, ದೆಹಲಿಗಳ ಪ್ರಾಣಿದಯಾ ಕಾರ್ಯಕರ್ತರು ವಿದೇಶಕ್ಕೆ ಹೊರಟವರನ್ನು ಹೀಗೆ ಕೇಳುವುದುಂಟು. ಬೀದಿಯಲ್ಲಿ ಗಾಯಗೊಂಡು ಸಿಕ್ಕು, ಆರೈಕೆಯಿಂದ ಚೇತರಿಸಿಕೊಂಡು, ಅಲ್ಲಿಯ ಯಾವುದೋ ಕುಟುಂಬ ಸಾಕಿಕೊಳ್ಳಲು ಒಪ್ಪಿದ ನಾಯಿ ಅದು. ಒಂಟಿಯಾಗಿ ಸರಕಿನಂತೆ ಕಳಿಸಿದರೆ ತಗಲುವ ವೆಚ್ಚ, ಪ್ರಯಾಣಿಕರ ಜೊತೆ ಕಳಿಸಿದರೆ ಬಹಳ ಇಳಿಯುತ್ತದೆ. ಹಾಗಾಗಿ ಜೊತೆಗಾರರಿಗಾಗಿ ಈ ಹುಡುಕಾಟ. ಖರ್ಚು ಸಂಸ್ಥೆಯದು ಅಥವಾ ಸಾಕುವವರದು. ಪ್ರಯಾಣಿಕರು ನಿಲ್ದಾಣಕ್ಕೆ ಬೇಗ ಬರಬೇಕು, ಕಾಗದಕ್ಕೆ ಸಹಿ ಹಾಕಬೇಕು, ಇಳಿದ ಮೇಲೆ ನಾಯಿಯನ್ನು ಹೊರಗೆ ಕಾದು ನಿಂತವರ ಕೈಗೆ ಒಪ್ಪಿಸಬೇಕು.

ಗದಗ ಜಿಲ್ಲೆಗೆ ಇದು ದೂರದ ಮಾತೆನಿಸಬಹುದು. ಆದರೆ ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಿಂದಲೂ ಮಕ್ಕಳು ಹೊರದೇಶಕ್ಕೆ ಹೋಗಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ಬ್ಯಾಗಿನಲ್ಲಿ ಶೇಂಗಾ ಹಿಂಡಿ, ಅಂಟಿನುಂಡಿ ತುಂಬಿಕೊಂಡು ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಕಡಲಾಚೆಗೆ ಹೋಗುವ ತಾಯಂದಿರಿದ್ದಾರೆ. ಅಂಥವರೊಬ್ಬರಿಗೆ ಟೊರಾಂಟೊದಿಂದ ಮಗಳು ಫೋನು ಮಾಡಿ, "ಅವ್ವಾ, ಬರೋ ಮುಂದ ಒಂದು ನಾಯಿ ಕರಕೊಂಡ ಬರ್ತೀ ಏನ?" ಎಂದರೆ ಅವರ ಬಾಯಿಂದ ಮೊದಲು ಹೊರಡುವ ಮಾತು "ಯಾರದವಾ ಅದು?" ಎಂದೇ ಇರುತ್ತದೆ. ಈ ಸೇವೆಯ ಸರಿತಪ್ಪು ನಿಂತಿರುವುದು ಆ ಪ್ರಶ್ನೆಯ ಮೇಲೆಯೇ ಎಂದು ನಾನು ನಂಬುತ್ತೇನೆ.

ಸಾಮಾನ್ಯವಾಗಿ ಎತ್ತುವ ಆಕ್ಷೇಪ ಬೇರೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 11.4 ಲಕ್ಷ ಬೀದಿನಾಯಿಗಳಿದ್ದವು. ಅದರಲ್ಲಿ ಒಂದನ್ನು ವಿಮಾನ ಹತ್ತಿಸಿದರೆ ಉಳಿದವುಗಳ ಗತಿಯೇನು, ಅದೇ ದುಡ್ಡಿನಲ್ಲಿ ಇಲ್ಲೇ ಎಷ್ಟು ನಾಯಿಗಳಿಗೆ ಲಸಿಕೆ ಹಾಕಿಸಬಹುದಿತ್ತು ಎನ್ನುತ್ತಾರೆ. ಲೆಕ್ಕದ ಮಟ್ಟಿಗೆ ಮಾತು ಸರಿ. ಆದರೆ ಹಾಲೆಂಡಿನ ಒಂದು ಕುಟುಂಬ ತನ್ನ ಮನೆಗೆ ಬರಲಿರುವ ನಾಯಿಗೆಂದು ತೆಗೆದಿಟ್ಟ ಹಣ, ಆ ನಾಯಿ ಬರದೆಹೋದರೆ ಬೆಟಗೇರಿಯ ಲಸಿಕೆಗೆ ಬಂದು ಸೇರುತ್ತಿತ್ತು ಎನ್ನಲು ಆಧಾರವಿಲ್ಲ. ಕಣ್ಣೆದುರಿನ ಒಂದು ಜೀವಕ್ಕೆ ಮರುಗಿದವರನ್ನು, ಎಲ್ಲ ಜೀವಗಳಿಗೂ ಏಕೆ ಮರುಗಲಿಲ್ಲವೆಂದು ದೂರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಹಾಗೆ ದೂರುವವರಲ್ಲಿ ಹೆಚ್ಚಿನವರು ಒಂದು ನಾಯಿಗೂ ಲಸಿಕೆ ಹಾಕಿಸಿದವರಲ್ಲ.

ನನ್ನ ಆತಂಕವಿರುವುದು ಕಾಗದಪತ್ರದ ಬಗ್ಗೆ.

ಭಾರತದಿಂದ ಯುರೋಪಿಗೆ ನಾಯಿ ಹೋಗಬೇಕಾದರೆ ಮೊದಲು ಚರ್ಮದಡಿಗೆ 15 ಅಂಕಿಯ ಮೈಕ್ರೋಚಿಪ್ ಸೇರಬೇಕು. ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಷ್ಟಾದರೂ ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಇದನ್ನು ಕಿರುಕುಳವೆಂದು ಗೊಣಗುವವರುಂಟು. ಆದರೆ ರೇಬೀಸ್ ವೈರಸ್ ಮೈ ಹೊಕ್ಕ ಮೇಲೆ ಲಕ್ಷಣ ತೋರಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೇ ಹಿಡಿಯುತ್ತವೆ. ಸೋಂಕು ತಗುಲಿದ ಮೇಲೆ ಲಸಿಕೆ ಪಡೆದ ನಾಯಿ ಇಂದು ಆರೋಗ್ಯವಾಗಿ ಬಾಲ ಅಲ್ಲಾಡಿಸುತ್ತಲೇ ಇರಬಹುದು. ಆ ಮೂರು ತಿಂಗಳ ಕಾಯುವಿಕೆ, ಅದನ್ನು ತಬ್ಬಿಕೊಳ್ಳಲಿರುವ ಮಗುವಿನ ರಕ್ಷಣೆಗಾಗಿ ಇದೆ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂದು ಜಗತ್ತು ಕಂಡಿದೆ. 2021ರ ಜೂನ್‌ನಲ್ಲಿ ಅಝರ್‌ಬೈಜಾನಿನಿಂದ ಶಿಕಾಗೋಗೆ ಬಂದ 33 ನಾಯಿಗಳ ಗುಂಪಿನಲ್ಲಿ ಒಂದಕ್ಕೆ ರೇಬೀಸ್ ಇತ್ತು. ಅದಾದ ಕೆಲವೇ ತಿಂಗಳಲ್ಲಿ ಇರಾನಿನಿಂದ ಕೆನಡಾದ ಒಂಟಾರಿಯೋಗೆ ಬಂದ ಎರಡು ನಾಯಿಗಳಲ್ಲೂ ರೇಬೀಸ್ ಕಂಡಿತು. ಕೆನಡಾ 2022ರ ಸೆಪ್ಟೆಂಬರ್ 28ರಿಂದ, ನಾಯಿಗಳಿಂದ ರೇಬೀಸ್ ಹರಡುವ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳನ್ನು ಮಾರಾಟಕ್ಕಷ್ಟೇ ಅಲ್ಲ, ದತ್ತು ಕೊಡಲೂ ತರಬಾರದೆಂದು ಬಾಗಿಲು ಹಾಕಿತು. ಆ ಪಟ್ಟಿಯಲ್ಲಿ ಭಾರತವಿದೆ. ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಯನ್ನು ಒಳಗೆ ಬಿಡುವುದಿಲ್ಲ. ನಮ್ಮಂಥ ದೇಶದಲ್ಲಿ ಲಸಿಕೆ ಪಡೆದ ನಾಯಿ ಗೊತ್ತುಪಡಿಸಿದ ಕೆಲವೇ ನಿಲ್ದಾಣಗಳಲ್ಲಿ ಇಳಿಯಬೇಕು, ಅಲ್ಲಿ ಮತ್ತೊಮ್ಮೆ ತಪಾಸಣೆಗೆ ಒಳಪಡಬೇಕು. ದಯೆಯ ಹೆಸರಿನಲ್ಲಿ ಕೆಲವರು ಮಾಡಿದ ಅವಸರಕ್ಕೆ, ಸರಿಯಾದ ದಾರಿಯಲ್ಲಿ ನಡೆಯುತ್ತಿದ್ದವರ ನಾಯಿಗಳೂ ಬೆಲೆ ತೆತ್ತವು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಟೊರಾಂಟೊಗೆ ದತ್ತು ನಾಯಿ ಹೋಗುವಂತಿಲ್ಲ, ಸ್ವಂತ ಸಾಕುನಾಯಿ ಹೋಗಬಹುದು. ಯುರೋಪಿನ ನಿಯಮವೂ ಹೀಗೆಯೇ: ಒಡೆಯರ ಜೊತೆ, ಅಥವಾ ಒಡೆಯರು ಅಧಿಕಾರ ಕೊಟ್ಟವರ ಜೊತೆ ಬರುವ ಸಾಕುಪ್ರಾಣಿಗೆ ಒಂದು ದಾರಿ, ಕೈ ಬದಲಾಯಿಸಲೆಂದು ಬರುವ ಪ್ರಾಣಿಗೆ ಇನ್ನೂ ಬಿಗಿಯಾದ ಬೇರೊಂದು ದಾರಿ. "ಕೌಂಟರಿನೊಳಗ ಕೇಳಿದ್ರ ನಂದ ಅಂತ ಹೇಳಿಬಿಡವಾ" ಎಂಬ ಸಲಹೆಗೆ ಅವಕಾಶವಾಗುವುದು ಇಲ್ಲಿಯೇ. ಹೇಳಿದವರಿಗೆ ಅದು ಚಿಕ್ಕ ಸುಳ್ಳು, ಒಳ್ಳೆಯದಕ್ಕೆ ಆಡಿದ ಸುಳ್ಳು. ಆದರೆ ಸಹಿ ಹಾಕುವವರು ಆ ತಾಯಿ. ಫಾರಂನಲ್ಲಿ ಏನು ಬರೆದಿದೆಯೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಪರದೇಶದ ಕಸ್ಟಮ್ಸ್ ಅಧಿಕಾರಿಯ ಮುಂದೆ ನಿಂತು ಉತ್ತರಿಸಬೇಕಾದವರೂ ಅವರೇ. ನಾಯಿಯನ್ನು ತಡೆದರೆ ಅದು ತಿಂಗಳುಗಟ್ಟಲೆ ಕ್ವಾರಂಟೈನಿನಲ್ಲಿ ಇರಬೇಕಾಗಬಹುದು, ವಾಪಸ್ ಬರಬೇಕಾಗಬಹುದು. ಆದ್ದರಿಂದ ಜೊತೆಗಾರರನ್ನು ಹುಡುಕುವ ಸಂಸ್ಥೆ, ನಾಯಿಯ ಒಡೆಯರು ಯಾರು, ಯಾವ ನಿಯಮದಡಿ ಅದು ಹೋಗುತ್ತಿದೆ, ತಡೆದರೆ ಹೊಣೆ ಯಾರದು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಬರೆದು ಕೊಡಬೇಕು. ಕೊಡಲಾಗದಿದ್ದರೆ ಅವರನ್ನು ಕೇಳಲೇಬಾರದು. ನಾಯಿಯ ಪ್ರಾಣದ ಮೇಲಿನ ಕಾಳಜಿ, ಅದನ್ನು ಹೊತ್ತೊಯ್ಯುವ ಮನುಷ್ಯರನ್ನು ಕತ್ತಲಲ್ಲಿಡಲು ಪರವಾನಗಿಯಲ್ಲ.

ಎಲ್ಲ ಕಾಗದ ಸರಿಯಿದ್ದರೂ ಯಾವ ನಾಯಿ ಹೋಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ವಿಮಾನದ ಕೆಳಹೊಟ್ಟೆಯ ಪ್ರಯಾಣ ನಾಯಿಗೆ ಸುಲಭವಲ್ಲ. ಎದ್ದು ನಿಲ್ಲುವಷ್ಟು, ಸುತ್ತು ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ದೊಡ್ಡ ಗೂಡು ಬೇಕು. ಹೊಟ್ಟೆ ತುಂಬ ಉಣಿಸುವಂತಿಲ್ಲ. ಮಂಪರು ಬರಿಸುವ ಔಷಧಿಯೂ ಒಳ್ಳೆಯದಲ್ಲ, ಎತ್ತರದಲ್ಲಿ ಉಸಿರಿಗೆ ತೊಂದರೆಯಾದೀತು. ಜಾಲರಿಯ ಬಾಗಿಲಿಗೆ ಕಟ್ಟಿದ ಬಟ್ಟಲಿನಲ್ಲಿ ನೀರು ಚೆಲ್ಲದಿರಲೆಂದು ಮೊದಲೇ ಹೆಪ್ಪುಗಟ್ಟಿಸಿ ಇಡುತ್ತಾರೆ, ನಾಯಿ ಅದನ್ನು ದಾರಿಯುದ್ದಕ್ಕೂ ನೆಕ್ಕುತ್ತದೆ. ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದಿಗೆ ಕಿವಿ ಒಗ್ಗಿ, ಸಂಜೆ ಮಿರ್ಚಿ ಭಜಿಯ ಗಾಡಿಯ ಬಳಿ ಮಲಗಿ, ಅಪರಿಚಿತರು ಬಂದರೆ ಓಣಿಗೆಲ್ಲ ಕೇಳುವಂತೆ ಬೊಗಳುವ ಗಟ್ಟಿಮುಟ್ಟಾದ ನಾಯಿಯನ್ನು ಆ ಗೂಡಿಗೆ ತುರುಕಿ, ದಿನಕ್ಕೆ ಎಂಟು ತಾಸು ಒಂಟಿಯಾಗಿರಬೇಕಾದ ಫ್ಲ್ಯಾಟಿಗೆ ಕಳಿಸುವುದು ಉಪಕಾರವೆಂದು ನಾನು ಒಪ್ಪಲಾರೆ. ಅದಕ್ಕೆ ಈಗಾಗಲೇ ಒಂದು ಊರಿದೆ. ಬೆನ್ನುಮೂಳೆ ಮುರಿದದ್ದು, ಕಣ್ಣು ಹೋದದ್ದು, ಕಾಲು ಕಳೆದುಕೊಂಡು ಟ್ರ್ಯಾಕ್ಟರಿನಿಂದ ತಪ್ಪಿಸಿಕೊಳ್ಳಲಾರದ್ದು, ಇಂಥವನ್ನು ಬೀದಿಗೆ ಮರಳಿ ಬಿಡಲಾಗದು, ನಮ್ಮಲ್ಲಿ ಸಾಕುವವರೂ ಸಿಗುವುದು ಕಷ್ಟ. ಅಂಥ ನಾಯಿಗೆ ಸಾವಿರಾರು ಮೈಲಿ ದೂರದಲ್ಲಿ ಒಂದು ಮನೆ ಸಿಕ್ಕಿದೆಯೆಂದರೆ ವಿಮಾನದ ಕಷ್ಟ ಕಷ್ಟವೇ ಅಲ್ಲ. ಅದರ ಜೊತೆ ಹೋಗುವವರು ಮಾಡುವುದು ದೊಡ್ಡ ಕೆಲಸ.

ಉಳಿದ ಲಕ್ಷಾಂತರ ನಾಯಿಗಳು ಯಾರವು? ಅದಕ್ಕೆ ಕಾನೂನಿನ ಉತ್ತರವಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಹಿಡಿಯುವುದು, ಶಸ್ತ್ರಚಿಕಿತ್ಸೆ ಮಾಡಿಸುವುದು, ಲಸಿಕೆ ಹಾಕಿಸುವುದು, ಹಿಡಿದ ಜಾಗಕ್ಕೇ ಮರಳಿ ಬಿಡುವುದು ಸ್ಥಳೀಯ ಸಂಸ್ಥೆಯ ಹೊಣೆ. ಗದಗ-ಬೆಟಗೇರಿಯಲ್ಲಿ ಅದು ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿಯಲ್ಲಿ ಪುರಸಭೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಮರಳಿ ಅಲ್ಲೇ ಬಿಡದೆ ಆಶ್ರಯಕ್ಕೆ ಸಾಗಿಸಬೇಕೆಂದಿತು. ವಿಮಾನ ಈ ಹೊಣೆಯಲ್ಲಿ ಒಂದು ಕೂದಲೆಳೆಯಷ್ಟನ್ನೂ ಇಳಿಸುವುದಿಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳೆಂದೂ ಅದೇ ಸಂಸ್ಥೆ ಹೇಳುತ್ತದೆ. 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದ ತೋಳ, ನರಿಗಳಿಗೂ ಲಸಿಕೆಯಿಲ್ಲದ ನಾಯಿಗಳಿಂದ ರೋಗ ತಗಲುವ ಭಯವಿದೆ.

ಹೊಣೆಯನ್ನು ಹೀಗೆ ಹೆಸರಿಟ್ಟು ಹೊರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಆತಕೂರಿನ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು. ತಕ್ಕೋಲದ ಯುದ್ಧದ ಬಳಿಕ ರಾಷ್ಟ್ರಕೂಟ ಮೂರನೇ ಕೃಷ್ಣ ಗಂಗ ಬೂತುಗನಿಗೆ ಕೊಟ್ಟ ಸೀಮೆಗಳ ಹೆಸರುಗಳೂ ಅದೇ ಕಲ್ಲಿನಲ್ಲಿವೆ. ಅದರಲ್ಲಿ ಬೆಳ್ವೊಲ ಮುನ್ನೂರು ಇದೆ, ಪುಲಿಗೆರೆ ಮುನ್ನೂರು ಇದೆ. ಒಂದು ನಮ್ಮ ಗದಗದ ಸುತ್ತಿನ ನೆಲ, ಇನ್ನೊಂದು ಇಂದಿನ ಲಕ್ಷ್ಮೇಶ್ವರದ್ದು. ಆ ಕಲ್ಲನ್ನು ನೋಡಿಕೊಳ್ಳಲು ಭೂಮಿ ಬಿಟ್ಟರು, ಪೂಜೆಯ ಹೊಣೆಯನ್ನು ಗೊರವನಿಗೆ ವಹಿಸಿದರು. ಸತ್ತ ಒಂದು ನಾಯಿಗೆ ಅಷ್ಟು ಮಾಡಿದ ನೆಲದಲ್ಲಿ, ಬದುಕಿರುವ ನಾಯಿಗಳ ಲಸಿಕೆಗೆ ವರ್ಷಕ್ಕೆಷ್ಟು ಹಣ ತೆಗೆದಿಟ್ಟಿದ್ದೀರಿ ಎಂದು ಪುರಸಭೆಯ ಸದಸ್ಯರನ್ನು ಕೇಳಲು ನಮಗೆ ಸಂಕೋಚ ಬೇಕಿಲ್ಲ.

ವಿಮಾನದ ಸ್ವಯಂಸೇವಕರಿಂದ ನಾವು ಕಲಿಯಬೇಕಾದದ್ದೂ ಒಂದಿದೆ. ಹೇಗೂ ಹೊರಟ ಪಯಣದಲ್ಲಿ ಇನ್ನೊಂದು ಜೀವಕ್ಕೆ ಜಾಗ ಮಾಡಿಕೊಡುವ ಅವರ ಯೋಚನೆ ನಮ್ಮ ರಸ್ತೆಗಳಲ್ಲಿ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಅಲ್ಲಿಗೆ ಸುಮಾರು 40 ಕಿಲೋಮೀಟರು. ರಾತ್ರಿ ಲಾರಿಗೆ ಸಿಕ್ಕ ನಾಯಿ ಬೆಳಗಿನತನಕ ರಸ್ತೆ ಬದಿ ನರಳುತ್ತದೆ. ಅದೇ ರಸ್ತೆಯಲ್ಲಿ ಮಾರುಕಟ್ಟೆಗೆ ಹೊರಟ ಗಾಡಿಗಳು ಒಂದರ ಹಿಂದೊಂದು ಹೋಗುತ್ತವೆ. ಕಲ್ಲೆದೆಯಿಂದ ಯಾರೂ ಹಾಗೆ ದಾಟಿ ಹೋಗುವುದಿಲ್ಲ. ಎಲ್ಲಿಗೆ ಒಯ್ಯಬೇಕು, ಅಲ್ಲಿ ಯಾರು ಇಳಿಸಿಕೊಳ್ಳುತ್ತಾರೆ, ಔಷಧಿಯ ದುಡ್ಡು ಯಾರು ಕೊಡುತ್ತಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ವಿಮಾನದ ವ್ಯವಸ್ಥೆಯಲ್ಲಿ ಈ ಮೂರಕ್ಕೂ ಮೊದಲೇ ಉತ್ತರ ಸಿದ್ಧವಿರುತ್ತದೆ, ಆದ್ದರಿಂದಲೇ ಅಪರಿಚಿತರೂ ಒಪ್ಪುತ್ತಾರೆ. ಪ್ರತಿ ತಾಲೂಕಿಗೆ ಇಬ್ಬರು ಮೂವರು ಯುವಕರು ಗಾಡಿ ಮಾಲೀಕರ ಪಟ್ಟಿಯೊಂದನ್ನು ಮಾಡಿಕೊಂಡು, ಗದಗದಲ್ಲಿ ಇಳಿಸಿಕೊಳ್ಳುವವರೊಬ್ಬರನ್ನು ಗೊತ್ತುಮಾಡಿದರೆ ಕೆಲಸ ಆರಂಭವಾಗುತ್ತದೆ. ಆದರೆ ನೋವಿನಲ್ಲಿರುವ ನಾಯಿ ಎತ್ತಲು ಬಂದ ಕೈಯನ್ನೇ ಕಚ್ಚುತ್ತದೆ. ಹಾಗಾಗಿ ಆ ಯುವಕರು ಮೊದಲ ನಾಯಿಯನ್ನು ಮುಟ್ಟುವ ಮುನ್ನವೇ ಆಸ್ಪತ್ರೆಗೆ ಹೋಗಿ, ವೈದ್ಯರನ್ನು ಕೇಳಿ, ರೇಬೀಸಿನ ಮುಂಜಾಗ್ರತಾ ಲಸಿಕೆಯನ್ನು ಪೂರ್ತಿ ಹಾಕಿಸಿಕೊಳ್ಳಬೇಕು. ಗಾಡಿಯಲ್ಲಿ ಒಂದು ದಪ್ಪ ಕಂಬಳಿ, ಬಾಯಿಗೆ ಸುತ್ತಲು ಬಟ್ಟೆಪಟ್ಟಿ, ಗಾಯ ತೊಳೆಯಲು ಸೋಪು, ಒಂದು ಕ್ಯಾನ್ ನೀರು ಇಟ್ಟುಕೊಂಡಿರಬೇಕು.